ಎಲೈಸಾದ ಕೊನೆಯ ಹಂತ: ಬಣ್ಣ ಬಾರದಿದ್ದರೆ, ಬೇಡದ ಕಡೆ ಬಂದರೆ

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಎಲೈಸಾ ಪರೀಕ್ಷೆಯ, ಅಂದರೆ ಪ್ರತಿಕಾಯಕ್ಕೆ ಕಿಣ್ವ ಜೋಡಿಸಿ ಬಣ್ಣದ ಮೂಲಕ ವಸ್ತುವನ್ನು ಪತ್ತೆಹಚ್ಚುವ ಪರೀಕ್ಷೆಯ, ಕೊನೆಯ ಹಂತಕ್ಕೆ ಸೇರಿದವು. ಸಬ್‌ಸ್ಟ್ರೇಟ್ (ಕಿಣ್ವ ಬಣ್ಣವಾಗಿಸುವ ವಸ್ತು) ಹಾಕಿ ಬಣ್ಣಕ್ಕಾಗಿ ಕಾಯುವ ಆ ಹದಿನೈದಿಪ್ಪತ್ತು ನಿಮಿಷದಲ್ಲೇ ಹೆಚ್ಚಿನವರಿಗೆ ತೊಡಕು ಕಂಡಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ. ಉತ್ತರಗಳನ್ನು ಓದುವ ಮೊದಲು ಒಂದು ಸಂಗತಿ ಮನಸ್ಸಿನಲ್ಲಿರಲಿ: ವೆಲ್‌ನಲ್ಲಿ (ಪ್ಲೇಟಿನ ಪುಟ್ಟ ಗುಳಿಯಲ್ಲಿ) ಕಾಣುವ ಬಣ್ಣ ಕಿಣ್ವವು ಯಾವ ವೇಗದಲ್ಲಿ, ಎಷ್ಟು ಹೊತ್ತು ಕೆಲಸ ಮಾಡಿತು ಎಂಬುದರ ಲೆಕ್ಕ. ಆದ್ದರಿಂದ ವೇಗವನ್ನು ಬದಲಿಸುವ ಏನೇ ಆದರೂ ಓಡಿಯನ್ನೂ (ಬಣ್ಣ ಎಷ್ಟು ಬೆಳಕು ಹೀರಿತು ಎಂಬ ಅಳತೆಯನ್ನೂ) ಬದಲಿಸುತ್ತದೆ. ಉಷ್ಣತೆ, ಪಿಎಚ್, ಪೆರಾಕ್ಸೈಡಿನ ಸಾಂದ್ರತೆ, ಪಿಪೆಟ್ ಹಿಡಿದ ಕೈಯ ನಿಧಾನ ಎಲ್ಲವೂ ಇದರಲ್ಲಿ ಸೇರಿವೆ.

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ಹಿಂದಿನಿಂದಲೂ ಓಪಿಡಿ ಎಂಬ ಸಬ್‌ಸ್ಟ್ರೇಟ್ ಬಳಸುತ್ತಾರೆ. ಟಿಎಂಬಿಗೆ ಬದಲಾಯಿಸಬೇಕೆ? ಎಬಿಟಿಎಸ್, ಪಿಎನ್‌ಪಿಪಿ ಎಂಬ ಹೆಸರುಗಳನ್ನೂ ಕೇಳಿದ್ದೇನೆ. ಯಾವುದನ್ನು ಯಾವಾಗ ಆರಿಸಬೇಕು? (ಸಂಶೋಧನಾ ವಿದ್ಯಾರ್ಥಿನಿ)

ಉತ್ತರ: ಮೊದಲು ನೋಡಬೇಕಾದದ್ದು ನಿಮ್ಮ ಕಾಂಜುಗೇಟ್‌ನಲ್ಲಿ (ಕಿಣ್ವ ಜೋಡಿಸಿದ ಪ್ರತಿಕಾಯದಲ್ಲಿ) ಯಾವ ಕಿಣ್ವವಿದೆ ಎಂಬುದನ್ನು. ಟಿಎಂಬಿ, ಓಪಿಡಿ, ಎಬಿಟಿಎಸ್ ಮೂರೂ ಎಚ್‌ಆರ್‌ಪಿಗೆ, ಅಂದರೆ ಹಾರ್ಸ್‌ರ‍್ಯಾಡಿಶ್ ಬೇರಿನ ಪೆರಾಕ್ಸಿಡೇಸ್‌ಗೆ ಸೇರಿದವು. ಪಿಎನ್‌ಪಿಪಿ ಕ್ಷಾರೀಯ ಫಾಸ್ಫಟೇಸ್‌ಗೆ, ಅಂದರೆ ಎಎಲ್‌ಪಿಗೆ. 1971ರಲ್ಲಿ ಈ ವಿಧಾನ ಹುಟ್ಟಿದಾಗಲೇ ಎರಡೂ ಕಿಣ್ವಗಳು ಬಂದವು: ಸ್ಟಾಕ್‌ಹೋಮ್‌ನಲ್ಲಿ ಎಂಗ್ವಾಲ್ ಮತ್ತು ಪರ್ಲ್‌ಮನ್ ಎಎಲ್‌ಪಿಯನ್ನೂ, ನೆದರ್‌ಲ್ಯಾಂಡ್ಸ್‌ನಲ್ಲಿ ವಾನ್ ವೀಮನ್ ಮತ್ತು ಶೂರ್ಸ್ ಎಚ್‌ಆರ್‌ಪಿಯನ್ನೂ ಬಳಸಿದರು. ಎಚ್‌ಆರ್‌ಪಿ ಚಿಕ್ಕದು, ಸುಮಾರು 44 ಕಿಲೊಡಾಲ್ಟನ್, ಕೆಲಸದಲ್ಲಿ ಚುರುಕು. ಎಎಲ್‌ಪಿ ಅದರ ಮೂರು ಪಟ್ಟು ದೊಡ್ಡದು, ನಿಧಾನಿ, ಆದರೆ ಗಂಟೆಗಟ್ಟಲೆ ಒಂದೇ ಸಮ ಓಡುತ್ತದೆ.

ಎಚ್‌ಆರ್‌ಪಿ ಇದ್ದರೆ ನಮ್ಮ ಸಲಹೆ ಟಿಎಂಬಿ. ಮೂರರಲ್ಲಿ ಹೆಚ್ಚು ಸೂಕ್ಷ್ಮ ಅದೇ. ಓಪಿಡಿ ಕೂಡ ಒಳ್ಳೆಯ ಓಡಿ ಕೊಡುತ್ತದೆ. ಆಮ್ಲ ಹಾಕಿದ ಮೇಲೆ 490 ಅಥವಾ 492 ನ್ಯಾನೊಮೀಟರ್‌ನಲ್ಲಿ ಓದಬೇಕು. ಆದರೆ ಬೆಳಕು ಬಿದ್ದರೆ ತಾನೇ ಹಳದಿಯಾಗುತ್ತದೆ, ಮಾಡಿದ ತಕ್ಷಣ ಬಳಸಬೇಕು, ಮೇಲಾಗಿ ಅದು ವಂಶವಾಹಿಗೆ ಹಾನಿ ಮಾಡುವ ವಸ್ತು. ಪುಡಿ ತೂಗುವವರು, ತೊಟ್ಟಿ ತೊಳೆಯುವವರು ನಿತ್ಯ ಅದರ ಸಂಪರ್ಕಕ್ಕೆ ಬರುತ್ತಾರೆ. ‘ಹಿಂದಿನಿಂದಲೂ ಬಳಸುತ್ತಾರೆ’ ಎಂಬುದಷ್ಟೇ ಕಾರಣವಾದರೆ ದಯವಿಟ್ಟು ಬದಲಾಯಿಸಿ. ಟಿಎಂಬಿ ಬಳಕೆಗೆ ಬಂದದ್ದೂ ಇಂಥದೇ ಕಾಳಜಿಯಿಂದ: ಮನುಷ್ಯರಲ್ಲಿ ಕ್ಯಾನ್ಸರ್ ತರುವ ಬೆಂಜಿಡಿನ್‌ಗೆ ಸುರಕ್ಷಿತ ಬದಲಿಯಾಗಿ 1974ರಲ್ಲಿ ಅದನ್ನು ಸೂಚಿಸಲಾಯಿತು.

ಎಬಿಟಿಎಸ್ ಹಸಿರು ಬಣ್ಣ ಕೊಡುತ್ತದೆ, 405ರಿಂದ 415ರ ನಡುವೆ ಓದುತ್ತಾರೆ. ಸೂಕ್ಷ್ಮತೆ ಕಡಿಮೆ, ವೇಗವೂ ಕಡಿಮೆ. ಇದು ದೋಷವೆಂದು ತಳ್ಳಬೇಡಿ. ಟಿಎಂಬಿಯಲ್ಲಿ ಎರಡೇ ನಿಮಿಷಕ್ಕೆ ಎಲ್ಲ ವೆಲ್‌ಗಳೂ ಗಾಢವಾಗುವಂಥ ಪರೀಕ್ಷೆಯಲ್ಲಿ, ಮಾದರಿಗಳ ನಡುವಿನ ಅಂತರ ಎಬಿಟಿಎಸ್‌ನಲ್ಲಿ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ಅದನ್ನು ನಿಲ್ಲಿಸಲು ಶೇ. 1ರ ಎಸ್‌ಡಿಎಸ್ ಬಳಸಿ.

ಒಮ್ಮೆ ಸಬ್‌ಸ್ಟ್ರೇಟ್ ಬದಲಾಯಿಸಿದರೆ ಹಳೆಯ ಕಾಂಜುಗೇಟ್ ದುರ್ಬಲೀಕರಣ ಹಾಗೇ ನಡೆಯುವುದಿಲ್ಲ. ಓಪಿಡಿಗೆ 1:2000 ಹೊಂದುತ್ತಿದ್ದ ಕಾಂಜುಗೇಟ್ ಟಿಎಂಬಿಗೆ ಬಂದಾಗ ಇನ್ನೂ ತೆಳುವಾಗಬೇಕಾದೀತು. 1:5000ದಿಂದ 1:40,000ದವರೆಗೆ ಎರಡೆರಡು ಪಟ್ಟು ತೆಳುಮಾಡುತ್ತ ಹೊಸದಾಗಿ ನೋಡಿಕೊಳ್ಳಿ.

ಪ್ರಶ್ನೆ: ಸಿದ್ಧ ಟಿಎಂಬಿ ದ್ರಾವಣ ಬೇಗ ಮುಗಿದುಹೋಗುತ್ತದೆ. ನಾವೇ ತಯಾರಿಸಿಕೊಳ್ಳಬಹುದೆ? ಪ್ರಮಾಣಗಳನ್ನು ತಿಳಿಸಿ. (ಪ್ರಯೋಗಾಲಯ ತಂತ್ರಜ್ಞ)

ಉತ್ತರ: ಖಂಡಿತ ತಯಾರಿಸಬಹುದು. ಮೂರು ಭಾಗಗಳನ್ನು ಬೇರೆಬೇರೆ ಇಟ್ಟುಕೊಂಡು, ಬಳಸುವ ಹೊತ್ತಿಗೆ ಬೆರೆಸಬೇಕು.

ಬಫರ್: 0.1 ಮೋಲಾರ್ ಸೋಡಿಯಂ ಅಸಿಟೇಟ್. ಮೂರು ನೀರಿನ ಅಣುಗಳಿರುವ ಲವಣವಾದರೆ ಲೀಟರಿಗೆ 13.6 ಗ್ರಾಂ, ನಿರ್ಜಲ ಲವಣವಾದರೆ 8.2 ಗ್ರಾಂ. ಸಿಟ್ರಿಕ್ ಆಮ್ಲದ ದ್ರಾವಣ ಸೇರಿಸುತ್ತ ಪಿಎಚ್ 5.5ಕ್ಕೆ ತನ್ನಿ. ಬಫರ್‌ಗೆ ಶುದ್ಧೀಕರಿಸಿದ ನೀರೇ ಬೇಕು, ನಲ್ಲಿನೀರು ಬೇಡವೇ ಬೇಡ. ಸೋಸಿ, 4 ಡಿಗ್ರಿಯಲ್ಲಿಡಿ. ಕೆಡದಿರಲೆಂದು ಸೋಡಿಯಂ ಅಜೈಡ್ ಹಾಕುವ ಅಭ್ಯಾಸವಿದ್ದರೆ ಇಲ್ಲಿ ಮಾತ್ರ ಬಿಡಿ, ಏಕೆಂದರೆ ಅಜೈಡ್ ಎಚ್‌ಆರ್‌ಪಿಯನ್ನು ತಡೆಯುತ್ತದೆ.

ಟಿಎಂಬಿ ದಾಸ್ತಾನು: ಮಿಲಿಲೀಟರಿಗೆ 10 ಮಿಲಿಗ್ರಾಂನಂತೆ ಡಿಎಂಎಸ್‌ಒದಲ್ಲಿ ಕರಗಿಸಿ. ಶುದ್ಧ ಟಿಎಂಬಿ ನೀರಿನಲ್ಲಿ ಕರಗುವುದಿಲ್ಲ. ನಿಮ್ಮ ಡಬ್ಬಿಯಲ್ಲಿರುವುದು ಡೈಹೈಡ್ರೊಕ್ಲೋರೈಡ್ ರೂಪವಾದರೆ 10ರ ಬದಲು 13 ಮಿಲಿಗ್ರಾಂ ತೂಗಿ. ಅದರ ಅಣುತೂಕ ಹೆಚ್ಚು. ಲೋಹದ ಚಮಚಕ್ಕಿಂತ ಪ್ಲಾಸ್ಟಿಕ್ಕಿನದು ಲೇಸು, ಕಬ್ಬಿಣ ಮತ್ತು ತಾಮ್ರದ ಅಯಾನುಗಳು ಟಿಎಂಬಿಯನ್ನು ನೀಲಿಗೆ ತಿರುಗಿಸಬಲ್ಲವು. ದ್ರಾವಣವನ್ನು ಚಿಕ್ಕ ಭಾಗಗಳಾಗಿ ಹಂಚಿ ಕತ್ತಲಲ್ಲಿಡಿ. ಡಿಎಂಎಸ್‌ಒ 18.5 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ. ಆದ್ದರಿಂದ ಫ್ರಿಜ್‌ನಿಂದ ತೆಗೆದ ಟ್ಯೂಬು ಪೂರ್ತಿ ಕರಗುವವರೆಗೆ ಕಾಯಿರಿ, ಚೆನ್ನಾಗಿ ಕಲಕಿ, ಆಮೇಲೆ ಪಿಪೆಟ್ ಮಾಡಿ. ಅರ್ಧ ಕರಗಿದ್ದರಲ್ಲಿ ತೆಗೆದರೆ ಪ್ರತಿ ಸಲವೂ ಬೇರೆ ಸಾಂದ್ರತೆ ಸಿಗುತ್ತದೆ.

ಪೆರಾಕ್ಸೈಡ್: ಶೇ. 30ರ ಹೈಡ್ರೊಜನ್ ಪೆರಾಕ್ಸೈಡ್‌ನಿಂದ 10 ಮಿ.ಲೀ.ಗೆ 2 ಮೈಕ್ರೊಲೀಟರ್ ಸಾಕು. ಆದರೆ 2 ಮೈಕ್ರೊಲೀಟರನ್ನು ನಂಬಿಕೆಯಿಂದ ಅಳೆಯುವುದು ಕಷ್ಟ. ಅದನ್ನು ಹತ್ತು ಪಟ್ಟು ತೆಳುಮಾಡಿ ಶೇ. 3 ಮಾಡಿಕೊಂಡು 20 ಮೈಕ್ರೊಲೀಟರ್ ಹಾಕಿ. ಅಂತಿಮ ಸಾಂದ್ರತೆ ಸುಮಾರು ಶೇ. 0.006 ಆಗುತ್ತದೆ. ತೆಳು ದ್ರಾವಣವನ್ನು ಆ ದಿನವೇ ಚೆಲ್ಲಿ.

ಒಂದು ಪ್ಲೇಟ್‌ಗೆ 96 ವೆಲ್, ತಲಾ 100 ಮೈಕ್ರೊಲೀಟರ್ ಎಂದರೆ 9.6 ಮಿ.ಲೀ. ತೊಟ್ಟಿಯ ತಳದಲ್ಲಿ ಉಳಿಯುವುದನ್ನೂ ಸೇರಿಸಿ 12 ಮಿ.ಲೀ. ಮಾಡಿಕೊಳ್ಳಿ: ಕೋಣೆಯ ಉಷ್ಣತೆಗೆ ಬಂದ ಬಫರ್ 12 ಮಿ.ಲೀ., ಟಿಎಂಬಿ ದಾಸ್ತಾನು 120 ಮೈಕ್ರೊಲೀಟರ್, ಶೇ. 3ರ ಪೆರಾಕ್ಸೈಡ್ 24 ಮೈಕ್ರೊಲೀಟರ್. ಟಿಎಂಬಿಯನ್ನು ಹನಿಹನಿಯಾಗಿ, ಬಫರ್ ಅಲುಗಾಡಿಸುತ್ತ ಹಾಕಿ. ಒಮ್ಮೆಲೇ ಸುರಿದರೆ ಬಿಳಿ ಎಳೆಗಳಾಗಿ ಒತ್ತರಿಸಿ ಬರುತ್ತದೆ. ಪೆರಾಕ್ಸೈಡ್ ಕೊನೆಗೆ. ಸರಿಯಾದ ದ್ರಾವಣಕ್ಕೆ ಬಣ್ಣವಿರುವುದಿಲ್ಲ. ಹಾಕುವ ಮೊದಲೇ ತಿಳಿನೀಲಿ ಕಂಡರೆ ಬಳಸಬೇಡಿ.

ಪೆರಾಕ್ಸೈಡ್ ಬಗ್ಗೆ ಇನ್ನೆರಡು ಮಾತು ಬೇಕು, ಏಕೆಂದರೆ ಮನೆಪಾಕದ ಟಿಎಂಬಿ ಸೋಲುವುದು ಹೆಚ್ಚಾಗಿ ಇದರಿಂದಲೇ. ತೆರೆದ ಬಾಟಲಿಯ ಪೆರಾಕ್ಸೈಡ್ ತಿಂಗಳುಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಹಾಗೆಂದು ಅಂದಾಜಿನಲ್ಲಿ ಹೆಚ್ಚು ಹಾಕಿದರೂ ಆಗದು. ಅತಿಯಾದ ಪೆರಾಕ್ಸೈಡ್ ಎಚ್‌ಆರ್‌ಪಿಯನ್ನೇ ನಿಷ್ಕ್ರಿಯಗೊಳಿಸುತ್ತದೆ. ಅಳೆಯುವ ದಾರಿ ಸುಲಭ. ಶೇ. 30ರ ದ್ರಾವಣವನ್ನು ಸಾವಿರ ಪಟ್ಟು ತೆಳುಮಾಡಿ, ಕ್ವಾರ್ಟ್ಸ್ ಕ್ಯುವೆಟ್‌ನಲ್ಲಿ 240 ನ್ಯಾನೊಮೀಟರ್‌ಗೆ ಓದಿ. ಬಾಟಲಿ ಚೆನ್ನಾಗಿದ್ದರೆ 0.43ರ ಆಸುಪಾಸು ಬರಬೇಕು. 0.2 ಬಂದರೆ ಅರ್ಧಕ್ಕೂ ಹೆಚ್ಚು ಸತ್ವ ಹೋಗಿದೆ ಎಂದರ್ಥ.

ಪ್ರಶ್ನೆ: ಟಿಎಂಬಿ ಹಾಕಿದ ಐದೇ ನಿಮಿಷಕ್ಕೆ ಬ್ಲ್ಯಾಂಕ್ (ಮಾದರಿ ಹಾಕದ ವೆಲ್) ಸೇರಿ ಇಡೀ ಪ್ಲೇಟ್ ನೀಲಿ. ಮೂರು ಬೇರೆ ಕಂಪನಿಗಳ ಟಿಎಂಬಿ ತರಿಸಿ ನೋಡಿದೆವು, ವ್ಯತ್ಯಾಸವಿಲ್ಲ. ಏನು ತಪ್ಪು? (ಪಶುವೈದ್ಯ ರೋಗಪತ್ತೆ ವಿಭಾಗದವರು)

ಉತ್ತರ: ಮೂರು ಟಿಎಂಬಿಯಲ್ಲೂ ಅದೇ ಬಂದಿತೆಂದರೆ ಟಿಎಂಬಿಯ ಮೇಲಿನ ಅನುಮಾನ ಬಿಡಿ. ಬೇಡದ ಜಾಗದಲ್ಲಿ ಕಿಣ್ವ ಇದೆ, ಅಥವಾ ಕಿಣ್ವದಂತೆ ವರ್ತಿಸುವ ಉತ್ಕರ್ಷಕ ಏನೋ ಇದೆ. ಎಲ್ಲಿದೆ ಎಂದು ಊಹಿಸುತ್ತ ಒಂದೊಂದನ್ನೇ ಬದಲಿಸಿದರೆ ವಾರಗಟ್ಟಲೆ ಹಿಡಿಯುತ್ತದೆ. ಒಂದೇ ಪ್ಲೇಟ್‌ನಲ್ಲಿ ನಾಲ್ಕು ಗುಂಪು ಮಾಡಿ, ಗುಂಪಿಗೆ ನಾಲ್ಕು ವೆಲ್.

ಮೊದಲ ಗುಂಪು ಏನೂ ಮುಟ್ಟದ ಹೊಸ ವೆಲ್‌ಗಳು: ಬರೀ ಟಿಎಂಬಿ. ಇಲ್ಲೇ ನೀಲಿಯಾದರೆ ದ್ರಾವಣ, ತೊಟ್ಟಿ ಅಥವಾ ಪಿಪೆಟ್ ಮಲಿನವಾಗಿದೆ. ಎರಡನೆಯದಕ್ಕೆ ಬ್ಲಾಕಿಂಗ್ (ವೆಲ್‌ನ ಖಾಲಿ ಜಾಗವನ್ನು ಪ್ರೋಟೀನಿನಿಂದ ಮುಚ್ಚುವುದು) ಮತ್ತು ತೊಳೆತ ಮಾತ್ರ, ಕಾಂಜುಗೇಟ್ ಇಲ್ಲ. ಇಲ್ಲಿ ಬಣ್ಣ ಬಂದರೆ ತೊಳೆಯುವ ಬಫರ್ ಅಥವಾ ವಾಷರ್ ಯಂತ್ರವನ್ನು ನೋಡಿ. ಮೂರನೆಯದಕ್ಕೆ ಬ್ಲಾಕಿಂಗ್ ಆದ ಮೇಲೆ ನೇರ ಕಾಂಜುಗೇಟ್. ಬಣ್ಣ ಬಂದರೆ ಕಾಂಜುಗೇಟ್ ಪ್ಲಾಸ್ಟಿಕ್ಕಿಗೋ ಬ್ಲಾಕಿಂಗ್ ಪ್ರೋಟೀನಿಗೋ ಅಂಟುತ್ತಿದೆ. ನಾಲ್ಕನೆಯದಕ್ಕೆ ಮಾದರಿಯೊಂದನ್ನು ಬಿಟ್ಟು ಉಳಿದೆಲ್ಲ ಹಂತಗಳು. ಬಣ್ಣ ಇಲ್ಲಿ ಮಾತ್ರ ಬಂದರೆ ಎರಡನೆಯ ಪ್ರತಿಕಾಯ ಲೇಪನದ (ವೆಲ್‌ಗೆ ಮೊದಲೇ ಹಚ್ಚಿದ) ಪ್ರತಿಕಾಯವನ್ನೇ ಹಿಡಿಯುತ್ತಿದೆ. ಒಂದೇ ಪ್ರಾಣಿಯ ಪ್ರತಿಕಾಯಗಳನ್ನು ಎರಡೂ ಕಡೆ ಬಳಸಿದಾಗ ಹೀಗಾಗುವುದು ಸಾಮಾನ್ಯ.

ನಾವು ಕಂಡಂತೆ ಮೊದಲ ಗುಂಪಿನಲ್ಲೇ ಸಿಕ್ಕಿಬೀಳುವ ತಪ್ಪುಗಳು ಹೆಚ್ಚು. ಕಾಂಜುಗೇಟ್ ಸುರಿದ ತೊಟ್ಟಿಯನ್ನೇ ತೊಳೆದು ಟಿಎಂಬಿಗೆ ಬಳಸುವುದು ಇವುಗಳಲ್ಲಿ ಮುಖ್ಯ. ಎಚ್‌ಆರ್‌ಪಿಯ ಲೇಶ ಉಳಿದರೂ ಕಣ್ಣಿಗೆ ಕಾಣುವಷ್ಟು ನೀಲಿ ಬರುತ್ತದೆ, ತೊಳೆದರೆ ಹೋಯಿತೆಂದು ನಂಬುವಂತಿಲ್ಲ. ಟಿಎಂಬಿಗೆ ಗುರುತು ಹಾಕಿದ ಪ್ರತ್ಯೇಕ ತೊಟ್ಟಿ ಇರಲಿ. ಬಹುನಳಿಕೆ ಪಿಪೆಟ್‌ನ ಮೂತಿಗೆ ಕಾಂಜುಗೇಟ್ ಒಳನುಗ್ಗಿದ್ದರೆ ಟಿಪ್ ಬದಲಿಸಿದರೂ ಪ್ರಯೋಜನವಿಲ್ಲ. ಮೂತಿಗಳನ್ನು ಬಿಚ್ಚಿ ತೊಳೆಯಬೇಕು. ತೊಟ್ಟಿಯಲ್ಲಿ ಉಳಿದ ಟಿಎಂಬಿಯನ್ನು ಬಾಟಲಿಗೆ ವಾಪಸು ಸುರಿಯುವುದಂತೂ ಬಾಟಲಿಯನ್ನೇ ಕೆಡಿಸಿದ ಹಾಗೆ. ಬ್ಲೀಚ್‌ನಿಂದ ಒರೆಸಿದ ಮೇಜು, ಪಾತ್ರೆಗಳಲ್ಲಿ ಉಳಿದ ಹೈಪೊಕ್ಲೋರೈಟ್ ಕೂಡ ಕಿಣ್ವವಿಲ್ಲದೆಯೇ ಟಿಎಂಬಿಯನ್ನು ನೀಲಿ ಮಾಡುತ್ತದೆ.

ಮೂರನೆಯ ಗುಂಪಿನಲ್ಲಿ ಸಿಕ್ಕರೆ ಮೊದಲು ಕಾಂಜುಗೇಟನ್ನು ಇನ್ನಷ್ಟು ತೆಳುಮಾಡಿ, ಶೇ. 0.05 ಟ್ವೀನ್-20 ಇರುವ ಬಫರ್‌ನಲ್ಲೇ ತೆಳುಮಾಡಿ. ತೊಳೆಯುವಾಗ ವೆಲ್‌ಗೆ 300 ಮೈಕ್ರೊಲೀಟರ್‌ನಂತೆ ಐದು ಸಲ, ಪ್ರತಿ ಸಲವೂ ಅರ್ಧ ನಿಮಿಷ ನೆನೆಯಲು ಬಿಟ್ಟು, ಕೊನೆಗೆ ಪ್ಲೇಟನ್ನು ಕವುಚಿ ಹೀರುಕಾಗದದ ಮೇಲೆ ಬಲವಾಗಿ ತಟ್ಟಿ. ವೆಲ್‌ನ ಅಂಚಿಗೂ ನೀರು ಮುಟ್ಟಬೇಕು. ಕಾಂಜುಗೇಟ್ ತಗುಲಿದ್ದ ಎತ್ತರಕ್ಕಿಂತ ತೊಳೆಯುವ ನೀರು ಕೆಳಗೇ ನಿಂತರೆ ಗೋಡೆಯ ಮೇಲೆ ಉಂಗುರದಂತೆ ಕಿಣ್ವ ಉಳಿಯುತ್ತದೆ.

ನಿಮ್ಮದು ಪ್ರಾಣಿಗಳ ರಕ್ತದ ಮಾದರಿಗಳಾದ್ದರಿಂದ ಇನ್ನೊಂದು ಎಚ್ಚರ. ಕೆಂಪುಕಣ ಒಡೆದ ಸೀರಂನಲ್ಲಿರುವ ಹಿಮೋಗ್ಲೋಬಿನ್ ತಾನೇ ಪೆರಾಕ್ಸಿಡೇಸ್‌ನಂತೆ ಕೆಲಸ ಮಾಡುತ್ತದೆ. ಬ್ಲ್ಯಾಂಕ್ ಸ್ವಚ್ಛವಾಗಿದ್ದು ಕೆಂಪು ಮಾದರಿಗಳಲ್ಲಿ ಮಾತ್ರ ಓಡಿ ಏರಿದರೆ, ಕಾಂಜುಗೇಟ್ ಹಾಕದೆ ಅದೇ ಮಾದರಿಯ ಎರಡು ವೆಲ್ ನಡೆಸಿ ನೋಡಿ.

ಆಮ್ಲ ಹಾಕಿದ ಮೇಲೆ ಬ್ಲ್ಯಾಂಕ್ 0.1ರ ಒಳಗಿರಬೇಕು. ಬರೀ ಪ್ಲಾಸ್ಟಿಕ್ಕಿನದೇ ಸುಮಾರು 0.04 ಇರುತ್ತದೆ.

ಪ್ರಶ್ನೆ: ನಮ್ಮದು ಇದಕ್ಕೆ ತದ್ವಿರುದ್ಧ. ಅರ್ಧ ಗಂಟೆಯಾದರೂ ಅತಿ ಹೆಚ್ಚಿನ ಸ್ಟ್ಯಾಂಡರ್ಡ್‌ನಲ್ಲೂ (ಪ್ರಮಾಣ ಮೊದಲೇ ಗೊತ್ತಿರುವ ಮಾದರಿಯಲ್ಲೂ) ಬಣ್ಣವಿಲ್ಲ. (ಸ್ನಾತಕೋತ್ತರ ವಿದ್ಯಾರ್ಥಿ)

ಉತ್ತರ: ಹೊಸ ಟ್ಯೂಬಿನಲ್ಲಿ 100 ಮೈಕ್ರೊಲೀಟರ್ ಟಿಎಂಬಿ ತೆಗೆದುಕೊಂಡು, 1:1000 ತೆಳುಮಾಡಿದ ಕಾಂಜುಗೇಟ್ 1 ಮೈಕ್ರೊಲೀಟರ್ ಬಿಡಿ. ಒಂದು ನಿಮಿಷದೊಳಗೆ ಎದ್ದು ಕಾಣುವ ನೀಲಿ ಬಂದರೆ ಕಿಣ್ವವೂ ಸಬ್‌ಸ್ಟ್ರೇಟೂ ಬದುಕಿವೆ. ತಪ್ಪು ಲೇಪನದಲ್ಲೋ ಪ್ರತಿಕಾಯಗಳ ಜೋಡಣೆಯಲ್ಲೋ ಇದೆ. ಉದಾಹರಣೆಗೆ ಮೊಲದ ಪ್ರತಿಕಾಯಕ್ಕೆ ಇಲಿಯ ಪ್ರತಿಕಾಯ ಹಿಡಿಯುವ ಕಾಂಜುಗೇಟ್ ಹಾಕಿರಬಹುದು. ಬಣ್ಣ ಬಾರದಿದ್ದರೆ ಹೊಸ ಪೆರಾಕ್ಸೈಡ್‌ನಿಂದ ಮಾಡಿದ ಟಿಎಂಬಿಯಲ್ಲಿ ಇನ್ನೊಮ್ಮೆ ನೋಡಿ. ಆಗಲೂ ಇಲ್ಲವೆಂದರೆ ಕಾಂಜುಗೇಟ್ ಸತ್ತಿದೆ, ಅಥವಾ ಅದು ಎಚ್‌ಆರ್‌ಪಿಯೇ ಅಲ್ಲ. ಲೇಬಲ್ ಓದಿ, ಎಎಲ್‌ಪಿ ಕಾಂಜುಗೇಟ್‌ಗೆ ಟಿಎಂಬಿ ಹಾಕಿ ಕಾಯುತ್ತ ಕೂತವರು ಬಹಳ ಮಂದಿ.

ಅಜೈಡ್ ಬಗ್ಗೆ ಗೊಂದಲವಿದೆ. ಮೊದಲ ಪ್ರತಿಕಾಯದ ದಾಸ್ತಾನಿನಲ್ಲಿ ಅಜೈಡ್ ಇದ್ದರೆ ಹೆದರಬೇಕಿಲ್ಲ. ಸಾವಿರ ಪಟ್ಟು ತೆಳುವಾಗಿ, ಆಮೇಲೆ ತೊಳೆದೂ ಹೋಗುತ್ತದೆ. ಕಾಂಜುಗೇಟ್ ತೆಳುಮಾಡುವ ಬಫರ್‌ನಲ್ಲಿ ಅಥವಾ ಕೊನೆಯ ತೊಳೆತದಲ್ಲಿ ಇದ್ದರೆ ಮಾತ್ರ ಪರೀಕ್ಷೆ ಕೆಡುತ್ತದೆ.

ಪ್ರಶ್ನೆ: ಸ್ಟಾಪ್ ಸಲ್ಯೂಷನ್ (ಕ್ರಿಯೆ ನಿಲ್ಲಿಸುವ ಆಮ್ಲ) ಹಾಕಿದ ಮೇಲೆ ಕೆಲವು ವೆಲ್ ಹಳದಿ, ಕೆಲವು ಹಸಿರು. ಯಾವುದನ್ನು ನಂಬಬೇಕು? ಆಮ್ಲವನ್ನೇ ಹಾಕದೆ ನೀಲಿಯನ್ನೇ ಓದಿದರೆ ಆಗದೆ? (ಆಹಾರ ಪರೀಕ್ಷಾಲಯದವರು)

ಉತ್ತರ: ಹಸಿರು ಎಂದರೆ ನೀಲಿಯೂ ಹಳದಿಯೂ ಒಟ್ಟಿಗೆ ಇವೆ ಎಂದು, ಆಮ್ಲ ಸರಿಯಾಗಿ ಬೆರೆತಿಲ್ಲ. ಟಿಎಂಬಿ ಅರ್ಧ ಉತ್ಕರ್ಷಣಗೊಂಡಾಗ ನೀಲಿ, ಇದು 370 ಮತ್ತು 652 ನ್ಯಾನೊಮೀಟರ್‌ನಲ್ಲಿ ಬೆಳಕು ಹೀರುತ್ತದೆ. ಆಮ್ಲ ಬಿದ್ದಾಗ ಅದು ಪೂರ್ಣ ಉತ್ಕರ್ಷಿತ ಹಳದಿ ರೂಪಕ್ಕೆ ಜಾರುತ್ತದೆ, 450ರಲ್ಲಿ ಓದಬೇಕಾದದ್ದು ಇದನ್ನು. ಪ್ಲೇಟಿನ ಅಂಚನ್ನು ಹತ್ತು ಸೆಕೆಂಡು ಮೆಲ್ಲಗೆ ತಟ್ಟಿ ಎಲ್ಲ ವೆಲ್ ಸ್ವಚ್ಛ ಹಳದಿಯಾದ ಮೇಲೆ ರೀಡರ್‌ಗೆ ಇಡಿ. ತಟ್ಟಿದರೂ ಹಸಿರು ಹೋಗದಿದ್ದರೆ ಆಮ್ಲ ತೆಳುವಾಗಿದೆ. 100 ಮೈಕ್ರೊಲೀಟರ್ ಟಿಎಂಬಿಗೆ 1 ಮೋಲಾರ್ ಸಲ್ಫ್ಯೂರಿಕ್ ಆಮ್ಲ 100 ಮೈಕ್ರೊಲೀಟರ್, ಅಥವಾ 2 ಮೋಲಾರ್ ಆದರೆ 50 ಸಾಕು.

1 ಮೋಲಾರ್ ಆಮ್ಲ 500 ಮಿ.ಲೀ. ಬೇಕಾದರೆ ಸುಮಾರು 400 ಮಿ.ಲೀ. ನೀರಿಗೆ 27 ಮಿ.ಲೀ. ಗಾಢ ಆಮ್ಲವನ್ನು ನಿಧಾನವಾಗಿ ಹಾಕಿ, ತಣಿದ ಮೇಲೆ ನೀರಿನಿಂದ ಪೂರ್ತಿ ಮಾಡಿ. ನೀರಿಗೆ ಆಮ್ಲವೇ ಹೊರತು ಆಮ್ಲಕ್ಕೆ ನೀರಲ್ಲ. ಕನ್ನಡಕ, ಕೈಗವಸು ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಹಲವರು ಕೇಳಿದ ಇನ್ನೊಂದು ಪ್ರಶ್ನೆಗೂ ಇಲ್ಲೇ ಉತ್ತರ: ಒಂದು ವೆಲ್‌ಗೆ ಆಮ್ಲ ಸ್ವಲ್ಪ ಹೆಚ್ಚು ಬಿದ್ದರೆ ಬಣ್ಣ ತೆಳುವಾಗಿ ಓಡಿ ಇಳಿಯುತ್ತದೆಯೆ? ಅಷ್ಟಾಗಿ ಇಲ್ಲ. ಪ್ಲೇಟ್ ರೀಡರ್‌ನಲ್ಲಿ ಬೆಳಕು ಮೇಲಿಂದ ಕೆಳಕ್ಕೆ ಹಾದುಹೋಗುತ್ತದೆ. ದ್ರವ ಹೆಚ್ಚಾದಾಗ ಬಣ್ಣ ತೆಳುವಾದರೂ ಬೆಳಕು ಹಾಯುವ ಆಳ ಅಷ್ಟೇ ಹೆಚ್ಚುತ್ತದೆ. ಎರಡೂ ಸರಿಹೋಗುತ್ತವೆ. ಗುಳ್ಳೆ ಮಾತ್ರ ಓಡಿಯನ್ನು ನಿಜವಾಗಿ ಕೆಡಿಸುತ್ತದೆ. ಸ್ವಚ್ಛ ಸೂಜಿಯಿಂದ ಒಡೆಯಿರಿ, ಪ್ರತಿ ವೆಲ್‌ಗೂ ಬೇರೆ ಸೂಜಿ.

ನೀಲಿಯನ್ನೇ 650ರಲ್ಲಿ ಓದಬಹುದು. ನಿಮಿಷಕ್ಕೊಮ್ಮೆ ಓದಿ ವೇಗವನ್ನೇ ಅಳೆಯುವವರಿಗೆ ಅದೇ ಉತ್ತಮ ಮಾರ್ಗ. ಆದರೆ ಆಮ್ಲ ಹಾಕಿದರೆ ಓಡಿ ಎರಡು ಮೂರು ಪಟ್ಟು ಏರುತ್ತದೆ, ಸಮಯವೂ ಸ್ಥಿರವಾಗಿ ನಿಲ್ಲುತ್ತದೆ. ಅತಿ ಗಾಢ ವೆಲ್ 650ರಲ್ಲಿ 0.6ರಿಂದ 0.8 ತೋರಿಸಿದಾಗ ನಿಲ್ಲಿಸುವ ಪದ್ಧತಿ ಇಟ್ಟುಕೊಂಡರೆ 450ರಲ್ಲಿ ಅಂಕಿಗಳು ಅಳತೆಯೊಳಗೇ ಬರುತ್ತವೆ. ಆಮ್ಲ ಹಾಕಿ ಹದಿನೈದು ನಿಮಿಷದೊಳಗೆ ಓದಿ. ಹೆಚ್ಚು ಹೊತ್ತು ಬಿಟ್ಟರೆ ಗಾಢ ವೆಲ್‌ಗಳಲ್ಲಿ ಬಣ್ಣ ಕಣಕಣವಾಗಿ ತಳ ಸೇರುತ್ತದೆ.

ಪ್ಲಾಸ್ಟಿಕ್ಕಿನ ಗೀರು, ಬೆರಳಚ್ಚು ಕಳೆಯಲು 450ರಿಂದ 570ರ ಓದನ್ನು ಕಳೆಯುತ್ತಾರೆ, ಕೆಲವರು 620 ಅಥವಾ 650. ಕೊನೆಯೆರಡನ್ನು ಬಳಸುವವರು ಎಲ್ಲ ವೆಲ್ ಪೂರ್ತಿ ಹಳದಿಯಾಗಿವೆ ಎಂದು ಖಚಿತಪಡಿಸಿಕೊಳ್ಳಲೇಬೇಕು. ನೀಲಿ ಉಳಿದಿದ್ದರೆ ಅದೂ ಕಳೆದುಹೋಗಿ ಹಸಿರು ವೆಲ್‌ನ ಓಡಿ ಇಲ್ಲದಷ್ಟು ಕಡಿಮೆಯಾಗುತ್ತದೆ.

ಪ್ರಶ್ನೆ: ಮೇಲಿನ ಮೂರು ಸ್ಟ್ಯಾಂಡರ್ಡ್‌ಗಳೂ ಒಂದೇ ಓಡಿ, 3.4ರ ಸುತ್ತ. ಒಂದೆರಡು ವೆಲ್‌ನಲ್ಲಿ ಕಪ್ಪು ಚರಟವೂ ಇದೆ. (ಸಂಶೋಧನಾ ವಿದ್ಯಾರ್ಥಿ)

ಉತ್ತರ: ಓಡಿ 3 ಎಂದರೆ ಬಿದ್ದ ಬೆಳಕಿನಲ್ಲಿ ಸಾವಿರದ ಒಂದು ಪಾಲು ಮಾತ್ರ ಆಚೆ ದಾಟಿದೆ. ಅಷ್ಟು ಕಡಿಮೆ ಬೆಳಕಿನಲ್ಲಿ ಮೂರು ವೆಲ್‌ಗಳ ವ್ಯತ್ಯಾಸ ಹೇಳುವುದು ಬಹುತೇಕ ರೀಡರ್‌ಗಳಿಗೆ ಆಗದ ಕೆಲಸ. ಚರಟ ಕಂಡಿರುವುದರಿಂದ ನಿಮ್ಮಲ್ಲಿ ಕಿಣ್ವ ವಿಪರೀತ ಹೆಚ್ಚಾಗಿದೆ, ಟಿಎಂಬಿಯೂ ಮುಗಿಯುತ್ತ ಬಂದಿದೆ. ಕಾಂಜುಗೇಟನ್ನು ಮೂರರಿಂದ ಐದು ಪಟ್ಟು ತೆಳುಮಾಡಿ. ಸಮಯ ತಗ್ಗಿಸಿ ಸರಿದೂಗಿಸುವುದು ನಮಗೆ ಒಪ್ಪಿಗೆಯಿಲ್ಲ. ಎರಡು ನಿಮಿಷದ ಪ್ರತಿಕ್ರಿಯೆಯಲ್ಲಿ ಹತ್ತು ಸೆಕೆಂಡಿನ ತಡವೂ ದೊಡ್ಡ ತಪ್ಪಾಗುತ್ತದೆ. ಹತ್ತರಿಂದ ಹದಿನೈದು ನಿಮಿಷದಲ್ಲಿ ಮೇಲಿನ ಸ್ಟ್ಯಾಂಡರ್ಡ್ 2ರ ಆಸುಪಾಸಿಗೆ ಬರುವಂತೆ ಹೊಂದಿಸಿಕೊಳ್ಳಿ. ಈಗಿನ ಪ್ಲೇಟನ್ನು ಉಳಿಸಲೇಬೇಕಾದರೆ 405ರಲ್ಲಿ ಓದಿ. ಶಿಖರದಿಂದ ಬದಿಗೆ ಸರಿದಿರುವುದರಿಂದ ಅಂಕಿಗಳು ಇಳಿಯುತ್ತವೆ, ಚರಟವಿಲ್ಲದ ವೆಲ್‌ಗಳನ್ನು ಬಳಸಬಹುದು.

ಮೇಲಿನ ಸ್ಟ್ಯಾಂಡರ್ಡ್‌ಗಳು ಸಮವಾಗುವ ಬದಲು ಕೆಳಗಿಳಿದರೆ ಕಾರಣ ಬೇರೆ. ಮಾದರಿ ಮತ್ತು ಕಾಂಜುಗೇಟನ್ನು ಒಟ್ಟಿಗೆ ಹಾಕುವ ಸ್ಯಾಂಡ್‌ವಿಚ್ ಪರೀಕ್ಷೆಗಳಲ್ಲಿ, ಅಂದರೆ ಪ್ರತಿಜನಕವನ್ನು (ಪತ್ತೆಹಚ್ಚಬೇಕಾದ ವಸ್ತುವನ್ನು) ಎರಡು ಪ್ರತಿಕಾಯಗಳ ನಡುವೆ ಹಿಡಿಯುವಲ್ಲಿ, ಅತಿಯಾದ ಪ್ರತಿಜನಕ ಎರಡೂ ಪ್ರತಿಕಾಯಗಳನ್ನು ಬೇರೆಬೇರೆಯಾಗಿ ತುಂಬಿಬಿಡುತ್ತದೆ, ಸೇತುವೆ ಕಟ್ಟುವುದಿಲ್ಲ. ಅಲ್ಲಿ ಮಾದರಿಯನ್ನು ತೆಳುಮಾಡಬೇಕು. ಸಬ್‌ಸ್ಟ್ರೇಟ್ ಮುಟ್ಟಿ ಉಪಯೋಗವಿಲ್ಲ.

ಪ್ರಶ್ನೆ: ಎಎಲ್‌ಪಿ ಕಾಂಜುಗೇಟ್‌ನೊಂದಿಗೆ ಪಿಎನ್‌ಪಿಪಿ ಬಳಸುತ್ತೇವೆ. ಹಳದಿ ಬಹಳ ನಿಧಾನ, ಒಂದು ಗಂಟೆಯಾದರೂ 0.3 ದಾಟುವುದಿಲ್ಲ. (ಸಸ್ಯರೋಗ ವಿಭಾಗದವರು)

ಉತ್ತರ: ನಿಮ್ಮ ತೊಳೆಯುವ ಬಫರ್ ಪಿಬಿಎಸ್ (ಫಾಸ್ಫೇಟ್ ಇರುವ ಉಪ್ಪಿನ ಬಫರ್) ಆಗಿದ್ದರೆ ಅಲ್ಲಿಂದಲೇ ಆರಂಭಿಸಿ. ಫಾಸ್ಫೇಟ್ ಈ ಕ್ರಿಯೆಯ ಉತ್ಪನ್ನ, ಅದು ಕಿಣ್ವದ ಕ್ರಿಯಾಸ್ಥಾನಕ್ಕೆ ಪೈಪೋಟಿ ನಡೆಸುತ್ತದೆ. ಕಾಂಜುಗೇಟ್ ತೆಳುಮಾಡಲು ಮತ್ತು ಕೊನೆಯ ಎರಡು ತೊಳೆತಕ್ಕೆ ಟ್ರಿಸ್ ಬಫರ್ ಬಳಸಿ. ಇಡಿಟಿಎ ಎಲ್ಲೂ ಬೇಡ. ಎಎಲ್‌ಪಿಗೆ ಸತುವೂ ಮೆಗ್ನೀಸಿಯಮ್ಮೂ ಬೇಕು, ಇಡಿಟಿಎ ಅವನ್ನು ಕಿತ್ತುಕೊಳ್ಳುತ್ತದೆ.

ಆಮೇಲೆ ಸಬ್‌ಸ್ಟ್ರೇಟ್ ಬಫರ್. ಡೈಎಥನಾಲಮೈನ್ 97 ಮಿ.ಲೀ., ಮೆಗ್ನೀಸಿಯಂ ಕ್ಲೋರೈಡ್ (ಆರು ನೀರಿನ ಅಣುಗಳದ್ದು) 100 ಮಿಲಿಗ್ರಾಂ, ನೀರು 800 ಮಿ.ಲೀ.; ಹೈಡ್ರೊಕ್ಲೋರಿಕ್ ಆಮ್ಲದಿಂದ ಪಿಎಚ್ 9.8ಕ್ಕೆ ತಂದು ಒಂದು ಲೀಟರ್ ಮಾಡಿ. ಡೈಎಥನಾಲಮೈನ್ ತಂಪಿನಲ್ಲಿ ಗಟ್ಟಿಯಾಗುತ್ತದೆ, ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಿಕೊಳ್ಳಿ. ಬಫರ್ ಕಂದು ಬಾಟಲಿಯಲ್ಲಿ, ತಂಪಿನಲ್ಲಿರಲಿ. ಇಲ್ಲಿ ಶೇ. 0.02 ಅಜೈಡ್ ಹಾಕಿದರೆ ತೊಂದರೆಯಿಲ್ಲ, ಎಎಲ್‌ಪಿಗೆ ಅದರಿಂದ ಹಾನಿಯಿಲ್ಲ. ಇಟ್ಟ ಬಫರ್‌ನ ಪಿಎಚ್ ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದ ಇಳಿಯುತ್ತದೆ, ಬಳಸುವ ಮೊದಲು ಒಮ್ಮೆ ನೋಡಿ. ಪಿಎನ್‌ಪಿಪಿ ಮಿಲಿಲೀಟರಿಗೆ 1 ಮಿಲಿಗ್ರಾಂ. 5 ಮಿಲಿಗ್ರಾಂ ಮಾತ್ರೆಯಾದರೆ 5 ಮಿ.ಲೀ. ಬಫರ್‌ಗೆ ಒಂದು. ಮಾತ್ರೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮದ ಮೇಲಿನ ಫಾಸ್ಫಟೇಸ್ ಸಾಕು ಹಳದಿ ಮಾಡಲು.

ವೆಲ್‌ಗೆ 200 ಮೈಕ್ರೊಲೀಟರ್ ಹಾಕಿ 405ರಲ್ಲಿ 15, 30, 60 ನಿಮಿಷಕ್ಕೆ ಓದುತ್ತಾ ಹೋಗಿ. ಈ ಕ್ರಿಯೆ ದೀರ್ಘಕಾಲ ನೇರ ಗೆರೆಯಲ್ಲೇ ಏರುತ್ತದೆ, ಆದ್ದರಿಂದ ದುರ್ಬಲ ಮಾದರಿಗೆ ಇನ್ನೊಂದು ಗಂಟೆ ಕೊಡಬಹುದು. ಸಮಯಕ್ಕಿಂತ ಸೂಕ್ಷ್ಮತೆ ಮುಖ್ಯವಾದ ಕಡೆ ನಾವು ಎಎಲ್‌ಪಿಯನ್ನು ಮೆಚ್ಚುವುದು ಈ ಗುಣಕ್ಕೇ. ನಿಲ್ಲಿಸಲು 3 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 50 ಮೈಕ್ರೊಲೀಟರ್. ಟಿಎಂಬಿಯ ಅಭ್ಯಾಸದಲ್ಲಿ ಆಮ್ಲ ಹಾಕಿದಿರೋ, ನೈಟ್ರೊಫೀನಾಲ್‌ನ ಹಳದಿ ಅಳಿಸಿಯೇ ಹೋಗುತ್ತದೆ. ಆ ಬಣ್ಣ ಇರುವುದು ಕ್ಷಾರದಲ್ಲಿ ಮಾತ್ರ.

ಎಎಲ್‌ಪಿ ಕಾಂಜುಗೇಟನ್ನು ಹೆಪ್ಪುಗಟ್ಟಿಸಬೇಡಿ, 4 ಡಿಗ್ರಿಯಲ್ಲಿಡಿ.

ಪ್ರಶ್ನೆ: ಒಂದೇ ಮಾದರಿಯ ಎರಡು ವೆಲ್‌ಗಳಲ್ಲಿ ಶೇ. 30ರಷ್ಟು ಅಂತರ. ಪ್ಲೇಟಿನ ಅಂಚಿನವು ಯಾವಾಗಲೂ ಗಾಢ. (ಪ್ರಯೋಗಾಲಯ ಸಹಾಯಕಿ)

ಉತ್ತರ: ಒಂದು ಲೆಕ್ಕ ಮಾಡಿ ನೋಡಿ. ಒಂಟಿ ಪಿಪೆಟ್‌ನಲ್ಲಿ 96 ವೆಲ್‌ಗೆ ಟಿಎಂಬಿ ಹಾಕಲು ಮೂರು ನಿಮಿಷ ಬೇಕಾಯಿತು ಎನ್ನಿ. ಹತ್ತು ನಿಮಿಷದ ಪ್ರತಿಕ್ರಿಯೆಯಲ್ಲಿ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿದರೆ ಮೊದಲ ವೆಲ್‌ಗೆ ಕೊನೆಯದಕ್ಕಿಂತ ಶೇ. 30ರಷ್ಟು ಹೆಚ್ಚು ಸಮಯ ಸಿಕ್ಕಿತು. ಹಾಕಿದ ಕ್ರಮದಲ್ಲೇ, ಹಾಕಿದ ವೇಗದಲ್ಲೇ ಆಮ್ಲವನ್ನೂ ಹಾಕಬೇಕು. ಎಂಟು ನಳಿಕೆಯ ಪಿಪೆಟ್‌ನಿಂದ ಕಂಬಸಾಲಿಗೆ ಐದು ಸೆಕೆಂಡಿನಂತೆ ಒಂದು ನಿಮಿಷದಲ್ಲಿ ಮುಗಿಯುತ್ತದೆ.

ಅಂಚು ಗಾಢವಾಗುವುದು ಉಷ್ಣತೆಯಿಂದ. ಫ್ರಿಜ್‌ನಿಂದ ನೇರ ತಂದ ಟಿಎಂಬಿ ಅಂಚಿನಲ್ಲಿ ಬೇಗ ಬೆಚ್ಚಗಾಗುತ್ತದೆ, ನಡುವೆ ತಂಪಾಗಿಯೇ ಉಳಿಯುತ್ತದೆ. ಬಳಸುವ ಅರ್ಧ ಗಂಟೆ ಮೊದಲೇ ಹೊರಗಿಡಿ. ಪ್ಲೇಟ್‌ಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಹಿಂದಿನ ಹಂತಗಳಲ್ಲಿ ಮುಚ್ಚಳವಿಲ್ಲದೆ 37 ಡಿಗ್ರಿಯಲ್ಲಿಟ್ಟರೆ ಅಂಚಿನ ವೆಲ್‌ಗಳು ಆರಿ, ಅಲ್ಲಿ ಪ್ರತಿಕಾಯ ಗಾಢವಾಗುತ್ತದೆ. ಅಂಟುಹಾಳೆ ಹಚ್ಚಿ. ಕಿಟಕಿಯ ಬಿಸಿಲು, ಏಸಿಯ ಗಾಳಿ ಬೀಳುವ ಜಾಗವೂ ಬೇಡ.

ಪ್ರಶ್ನೆ: ಎಲೈಸಾದ ಟಿಎಂಬಿಯನ್ನು ನೈಟ್ರೊಸೆಲ್ಯುಲೋಸ್ ಬ್ಲಾಟ್ (ಪ್ರೋಟೀನಿನ ಪಟ್ಟಿಗಳು ಅಂಟಿರುವ ಪೊರೆ) ಮೇಲೆ ಸುರಿದೆವು. ನೀಲಿ ಬಂದು ದ್ರಾವಣಕ್ಕೆಲ್ಲ ಹರಡಿತು, ಪಟ್ಟಿಗಳೇ ಕಾಣಲಿಲ್ಲ. (ಜೈವಿಕ ತಂತ್ರಜ್ಞಾನ ವಿದ್ಯಾರ್ಥಿನಿ)

ಉತ್ತರ: ಎಲೈಸಾಕ್ಕೆ ಕರಗುವ ಬಣ್ಣ ಬೇಕು, ಬ್ಲಾಟ್‌ಗೆ ಹುಟ್ಟಿದಲ್ಲೇ ಕೂರುವ ಬಣ್ಣ ಬೇಕು. ಬ್ಲಾಟ್‌ಗೆಂದೇ ಇರುವ, ಪೊರೆಯ ಮೇಲೆ ನಿಲ್ಲುವ ಟಿಎಂಬಿ ಸಿಗುತ್ತದೆ. ಇಲ್ಲವೆಂದರೆ ಎಚ್‌ಆರ್‌ಪಿಗೆ ಡಿಎಬಿ: 50 ಮಿಲಿಮೋಲಾರ್ ಟ್ರಿಸ್, ಪಿಎಚ್ 7.6ರಲ್ಲಿ ಮಿಲಿಲೀಟರಿಗೆ 0.5 ಮಿಲಿಗ್ರಾಂ, ಪೆರಾಕ್ಸೈಡ್ ಶೇ. 0.01ರಿಂದ 0.03. ಕಂದು ಪಟ್ಟಿ ಐದಾರು ನಿಮಿಷದಲ್ಲಿ ಬರುತ್ತದೆ, ನೀರಿನಲ್ಲಿ ತೊಳೆದು ನಿಲ್ಲಿಸಿ. ಸ್ವಲ್ಪ ನಿಕ್ಕಲ್ ಲವಣ ಸೇರಿಸಿದರೆ ಬೂದುಗಪ್ಪು, ಇನ್ನೂ ಸ್ಪಷ್ಟ.

ಎಎಲ್‌ಪಿಗೆ ಬಿಸಿಐಪಿ–ಎನ್‌ಬಿಟಿ. ಬಫರ್: 100 ಮಿಲಿಮೋಲಾರ್ ಟ್ರಿಸ್ ಪಿಎಚ್ 9.5, 100 ಮಿಲಿಮೋಲಾರ್ ಉಪ್ಪು, 5 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್. ಇದರ 10 ಮಿ.ಲೀ.ಗೆ ಎನ್‌ಬಿಟಿ 66 ಮತ್ತು ಬಿಸಿಐಪಿ 33 ಮೈಕ್ರೊಲೀಟರ್; ಎರಡೂ ದಾಸ್ತಾನು ಮಿಲಿಲೀಟರಿಗೆ 50 ಮಿಲಿಗ್ರಾಂ. ಮೊದಲು ಎನ್‌ಬಿಟಿ ಬೆರೆಸಿ, ಆಮೇಲೆ ಬಿಸಿಐಪಿ. ನೇರಳೆಗಪ್ಪು ಪಟ್ಟಿ ಬೇಕಾದಷ್ಟು ಬಂದಾಗ 20 ಮಿಲಿಮೋಲಾರ್ ಇಡಿಟಿಎ ಇರುವ ಪಿಬಿಎಸ್‌ನಿಂದ ನಿಲ್ಲಿಸಿ. ಪಿಎನ್‌ಪಿಪಿಗೆ ಶತ್ರುಗಳಾಗಿದ್ದ ಅವೆರಡೂ ಇಲ್ಲಿ ಬೇಕೆಂದೇ ಬರುತ್ತವೆ.

ಅಂಗಾಂಶದ ತುಣುಕುಗಳ ಮೇಲೆ ಮಾಡುವವರು ಅಂಗಾಂಶದ್ದೇ ಎಎಲ್‌ಪಿಯನ್ನು 1 ಮಿಲಿಮೋಲಾರ್ ಲೆವಾಮಿಸೋಲ್‌ನಿಂದ ತಡೆಯಬಹುದು. ಕರುವಿನ ಕರುಳಿನಿಂದ ತೆಗೆದ ಕಾಂಜುಗೇಟ್ ಎಎಲ್‌ಪಿಗೆ ಅದು ತಾಗುವುದಿಲ್ಲ. ಕರುಳಿನ ತುಣುಕಿನಲ್ಲಿ ಮಾತ್ರ ಈ ಉಪಾಯ ನಡೆಯದು, ಅಲ್ಲಿನ ಎಎಲ್‌ಪಿಯೂ ಅದೇ ಜಾತಿಯದು.

ಪ್ರಶ್ನೆ: ಮುಗಿದ ಪ್ಲೇಟ್‌ಗಳನ್ನು ಬ್ಲೀಚ್‌ನಲ್ಲಿ ಮುಳುಗಿಸಿ ಎಸೆಯುತ್ತೇವೆ. ಸರಿಯೆ? (ಪ್ರಯೋಗಾಲಯ ತಂತ್ರಜ್ಞ)

ಉತ್ತರ: ಆಮ್ಲ ಹಾಕಿದ ಪ್ಲೇಟನ್ನು ಬ್ಲೀಚ್‌ಗೆ ಹಾಕಬೇಡಿ. ಆಮ್ಲ ಮತ್ತು ಹೈಪೊಕ್ಲೋರೈಟ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಆಮ್ಲದ ದ್ರವವನ್ನು ಬೇರೆ ಡಬ್ಬಿಗೆ ತೆಗೆದು, ನಿಮ್ಮ ಸಂಸ್ಥೆಯ ರಾಸಾಯನಿಕ ತ್ಯಾಜ್ಯಕ್ಕೆ ಸೇರಿಸಿ. ಪ್ಲೇಟ್ ಜೈವಿಕ ತ್ಯಾಜ್ಯಕ್ಕೆ ಹೋಗಲಿ. ಡಿಎಬಿ ಮತ್ತು ಓಪಿಡಿಯ ಉಳಿಕೆಯನ್ನು ಸಿಂಕಿಗೆ ಚೆಲ್ಲದೆ, ಬ್ಲೀಚ್ ಬೆರೆಸದೆ, ಹೆಸರು ಬರೆದ ಮುಚ್ಚಿದ ಬಾಟಲಿಯಲ್ಲಿ ಕೂಡಿಡಿ.